ನಲವತ್ತೊಂದನೇ ಪುಟದ ಹಗ್ಗ

ಜೂನ್ ೩

ಮಕ್ಕಳ ಪುಸ್ತಕ ಪರಿಶೀಲನಾ ಸಮಿತಿಯ ಏಳನೇ ನಂಬರಿನವರಿಗೆ,

ನಮಸ್ಕಾರ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಪುಸ್ತಕದ ಹಿಂಬದಿಯಲ್ಲಿ ನೀಲಿ ಮುದ್ರೆ ಇದೆ: ‘ಹತ್ತರಿಂದ ಹದಿನಾಲ್ಕು ವರ್ಷದವರಿಗೆ. ಸಂಗತಿಗಳನ್ನು ಪರಿಶೀಲಿಸಲಾಗಿದೆ. ಪರಿಶೀಲಕರು: ೭.’ ಆ ಏಳು ಯಾರೋ ಅವರ ಕೈಗೇ ಕೊಡಿ ಎಂದು ಲಕೋಟೆಯ ಮೇಲೂ ಬರೆದಿದ್ದೇನೆ.

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ನನ್ನ ಮೊಮ್ಮಗಳಿಗೆ ಹದಿಮೂರು. ಶಾಲೆಯಿಂದ ತಂದ ಪುಸ್ತಕಗಳನ್ನು ಅವಳು ದಿನಾ ಸಂಜೆ ನಮ್ಮಪ್ಪನಿಗೆ ಓದಿ ಹೇಳುತ್ತಾಳೆ. ಅಪ್ಪನಿಗೆ ಎಂಬತ್ತಾರು. ಕಣ್ಣು ಹೋಗಿದೆ, ಕಿವಿ ಮಾತ್ರ ಬಲು ಚುರುಕು.

ಕಳೆದ ಗುರುವಾರ ದೋಣಿ, ಹಡಗುಗಳ ಪುಸ್ತಕ ತಂದಳು. ನಾನು ಪಕ್ಕದಲ್ಲೇ ಕೂತು ಪರದೆಯೊಂದಕ್ಕೆ ಅಂಚು ಹೊಲಿಯುತ್ತಿದ್ದೆ. ನಲವತ್ತೊಂದನೇ ಪುಟದಲ್ಲಿ ನಮ್ಮ ಹಳೇ ಊರಿನ ಹೆಸರು ಕಂಡು “ಮುತ್ತಾತ, ನಿಮ್ಮೂರು!” ಅಂತ ಕುಣಿದಳು. ಆಮೇಲೆ ಓದಿದಳು. ಪುಸ್ತಕದಲ್ಲಿದ್ದ ಹಾಗೇ ಬರೆಯುತ್ತೇನೆ: ‘ಮಂಜು ಕವಿದಾಗ ಗಂಟೆ ಬಾರಿಸಿ ದೋಣಿಗೆ ದಾರಿ ತೋರಿಸಬೇಕಾದವನು ಹಗ್ಗವನ್ನು ಕೈಯಲ್ಲಿ ಹಿಡಿದೇ ಮಲಗಿದ್ದ. ದೋಣಿ ಬಂಡೆಗೆ ಬಡಿಯಿತು. ಅವನ ನಿದ್ದೆಗೆ ಹನ್ನೊಂದು ಜನ ಪ್ರಾಣ ತೆತ್ತರು.’

ಆ ಗಂಟೆಯವನು ನಮ್ಮಪ್ಪ.

ಮೊಮ್ಮಗಳಿಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ. ಸೂಜಿ ಬೆರಳಿಗೆ ಹೊಕ್ಕಿದ್ದೂ ತಿಳಿಯಲಿಲ್ಲ. ಅಪ್ಪ “ಇನ್ನೊಂದ್ಸಲ ಓದು” ಅಂದರು. ಓದಿದಳು. “ಇನ್ನೊಂದ್ಸಲ” ಅಂದರು. ಮೂರನೇ ಸಲ ಓದುವಾಗ ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಗಿಹೋಯಿತು. ಪುಸ್ತಕ ಕೈಯಿಂದ ಜಾರಿ ಕೆಳಗೆ ಬಿತ್ತು.

ಅಪ್ಪ ಮಲಗಿರಲಿಲ್ಲ ಸ್ವಾಮಿ. ಎಳೆದಾಗ ಹಗ್ಗ ಹರಿಯಿತು. ಹೊಸದು ಕೊಡಿ ಅಂತ ಅವರು ದೋಣಿಗಟ್ಟೆಯ ಕಚೇರಿಗೆ ಮೂರು ಸಲ ಅಲೆದಿದ್ದರು. ಹರಿದ ಮೇಲೆ ಗಂಟೆಗೆ ಕಲ್ಲು ಬೀಸಿದರು, ದಡದಲ್ಲಿ ನಿಂತು ಕೂಗಿದರು. ಆವತ್ತು ಹೋದ ಧ್ವನಿ ಐವತ್ತೆರಡು ವರ್ಷವಾದರೂ ವಾಪಸು ಬಂದಿಲ್ಲ. ಪಿಸುಮಾತೇ ಅವರ ಮಾತು. ಅದಕ್ಕೆ ಮುಂಚೆ ಅವರ ಗಂಟಲು ಹೇಗಿತ್ತು ಅನ್ನುವುದು ನನಗೆ ಮರೆತೇಹೋಗಿದೆ.

ಪರಿಶೀಲಿಸಿದ್ದೀರಂತಲ್ಲ, ಏನನ್ನು ಪರಿಶೀಲಿಸಿದಿರಿ? ಆ ಮಾತನ್ನು ತೆಗೆಸಿ. ಅಪ್ಪ ಇರುವಾಗಲೇ ತೆಗೆಸಿ.

ಇಂತಿ,
ಗಂಟೆಯವರ ಮಗಳು


ಜೂನ್ ೧೫

ಮಾನ್ಯರೇ,

ತಮ್ಮ ಪತ್ರವನ್ನು ಸಮಿತಿಯವರು ನನಗೆ ಕಳಿಸಿದ್ದಾರೆ. ಪರಿಶೀಲಕರ ಹೆಸರು ಹೊರಗೆ ಹೇಳುವ ಪದ್ಧತಿ ಇಲ್ಲ, ಮನ್ನಿಸಬೇಕು.

ನಾನು ಮೂವತ್ತೊಂದು ವರ್ಷ ಶಾಲೆಯೊಂದರ ಗ್ರಂಥಪಾಲಕಿಯಾಗಿದ್ದವಳು. ಮಕ್ಕಳ ಕೈಗೆ ಹೋಗುವ ಮಾಹಿತಿ ಪುಸ್ತಕವನ್ನು ನಾನು ಹಿಂದಿನಿಂದ ಓದುತ್ತೇನೆ. ಮೊದಲು ಆಧಾರಗಳ ಪಟ್ಟಿ, ನಂತರ ಚಿತ್ರಗಳು, ಕೊನೆಗೆ ಬರಹ. ಚಿತ್ರ ಒಂದು ಹೇಳಿ ಬರಹ ಇನ್ನೊಂದು ಹೇಳಿದರೆ ಪುಸ್ತಕ ವಾಪಸು. ಪ್ರತಿ ಸಂಗತಿಯ ಪಕ್ಕದಲ್ಲೂ ಪೆನ್ಸಿಲಿನಿಂದ ಗುರುತು ಹಾಕುತ್ತೇನೆ: ಯಾರಾದರೂ ಕಣ್ಣಾರೆ ನೋಡಿದ್ದಾದರೆ ‘ನೋ’, ಊಹಿಸಿದ್ದಾದರೆ ‘ಊ’. ಚಿಕ್ಕಂದಿನಲ್ಲಿ ಬಹುಮಾನ ಬಂದ ಸ್ಟೀಲ್ ಲೋಟವೊಂದು ಮೇಜಿನ ಮೇಲಿದೆ. ಅದರ ತುಂಬ ಹಾಗೆ ಸವೆದ ಮೋಟು ಪೆನ್ಸಿಲ್‌ಗಳು. ತಿಮಿಂಗಿಲದ ಮರಿಯ ತೂಕ ತಪ್ಪಾಗಿತ್ತೆಂದು ಒಂದು ಪುಸ್ತಕವನ್ನು ಎರಡು ಸಲ ಹಿಂದಿರುಗಿಸಿದ್ದೇನೆ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನನ್ನ ಗ್ರಂಥಾಲಯದ ಗೋಡೆಯ ಮೇಲಿತ್ತು.

ನಲವತ್ತೊಂದನೇ ಪುಟದ ವಾಕ್ಯಕ್ಕೆ ನಾನು ‘ನೋ’ ಎಂದೇ ಹಾಕಿದ್ದೇನೆ. ಮೂರು ಪುಸ್ತಕಗಳಲ್ಲಿ ಅದೇ ಸಂಗತಿ, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಇದೆ. ಮೂರು ಪುಸ್ತಕಗಳು ಒಪ್ಪಿದರೆ ಸಮಿತಿ ಒಪ್ಪುತ್ತದೆ. ಅಲ್ಲದೆ ಅಂದಿನ ವಿಚಾರಣಾ ವರದಿ ‘ಮಧ್ಯಾಹ್ನ ಪರೀಕ್ಷಿಸಿದಾಗ ಗಂಟೆಯ ಹಗ್ಗ ಸುಸ್ಥಿತಿಯಲ್ಲಿತ್ತು’ ಎನ್ನುತ್ತದೆ. ಮಗಳಾಗಿ ತಮಗಾದ ನೋವು ಅರ್ಥವಾಗುತ್ತದೆ. ಆದರೆ ನೋವನ್ನು ಆಧಾರಗಳ ಪಟ್ಟಿಗೆ ಸೇರಿಸಲು ಬರುವುದಿಲ್ಲ.

ತಮ್ಮ ವಿಶ್ವಾಸಿ,
ಪರಿಶೀಲಕಿ, ಸಂಖ್ಯೆ ೭


ಜೂನ್ ೨೧

ಏಳನೇ ನಂಬರಿನ ಮೇಡಂ ಅವರಿಗೆ,

ತಿಮಿಂಗಿಲದ ಮರಿಯ ತೂಕ ಸರಿಯಾಯಿತಲ್ಲ, ಸಂತೋಷ. ನಮ್ಮಪ್ಪನನ್ನು ಯಾವಾಗ ತೂಗುತ್ತೀರಿ?

ಮೂರು ಪುಸ್ತಕ ಒಂದೇ ಮಾತು ಹೇಳುತ್ತವೆ ಅಂದಿರಿ. ನಮ್ಮ ಅಂಗಡಿಯಲ್ಲಿ ಒಂದು ಸಲ ನಾನೇ ಸೊಂಟದ ಅಳತೆ ತಪ್ಪು ಬರೆದುಕೊಂಡೆ. ಅದೇ ಚೀಟಿ ನೋಡಿ ಮೂರು ಪ್ಯಾಂಟು ಕತ್ತರಿಸಿದೆ. ಮೂರೂ ಒಂದರ ಮೇಲೊಂದು ಇಟ್ಟರೆ ನೂಲಿನಷ್ಟೂ ವ್ಯತ್ಯಾಸ ಇರಲಿಲ್ಲ. ಗಿರಾಕಿಗೆ ಮಾತ್ರ ಒಂದೂ ಹತ್ತಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು ನಿಮ್ಮ ಪರಿಶೀಲನೆ. ಮೊದಲನೇ ಚೀಟಿ ಬರೆದವರು ಯಾರು ಅಂತ ನೋಡಿದಿರಾ?

ಮಧ್ಯಾಹ್ನ ಪರೀಕ್ಷೆ ಮಾಡಿದರಂತೆ! ಹಗ್ಗ ಹರಿದದ್ದು ಬೆಳಿಗ್ಗೆ ಏಳಕ್ಕೆ. ಕೂಗಿ ಕೂಗಿ ಎಚ್ಚರ ತಪ್ಪಿದ್ದ ಅಪ್ಪನನ್ನು ಕಚೇರಿಯವರೇ ಆಸ್ಪತ್ರೆಗೆ ಹೊತ್ತುಕೊಂಡು ಹೋದರು, ಹರಿದದ್ದನ್ನು ಎತ್ತಿಟ್ಟು ಹೊಸದು ಕಟ್ಟಿದರು. ಮಧ್ಯಾಹ್ನ ಅದು ಸುಸ್ಥಿತಿಯಲ್ಲಿ ಇರದೆ ಇನ್ನೇನು! ಹಳೇದನ್ನು ನೋಡಿದ ಹೊರಗಿನವರು ಯಾರೂ ಇಲ್ಲ. ಎಲ್ಲರೂ ನದಿಯ ಕಡೆ ಓಡುತ್ತಿದ್ದರು, ಗಂಟೆ ಕಂಬದ ಕಡೆ ನೋಡುವವರು ಯಾರು?

ಆ ಪುಟ ಈಗ ಮೊಮ್ಮಗಳ ಕ್ಲಾಸಿನಲ್ಲಿ ಪಾಠವಾಗಿದೆ. ಯಾರಾದರೂ ಹೋಂವರ್ಕ್ ತರದಿದ್ದರೆ “ಹಗ್ಗ ಹಿಡ್ಕೊಂಡು ಮಲಗಿದ್ಯಾ?” ಅಂತ ಉಳಿದವರು ನಗುತ್ತಾರಂತೆ. ಅದು ತನ್ನ ಮುತ್ತಾತ ಅಂತ ಇವಳು ಬಾಯಿಬಿಟ್ಟಿಲ್ಲ. ಮನೆಯಲ್ಲಿ ಓದುವುದನ್ನೂ ನಿಲ್ಲಿಸಿದ್ದಾಳೆ. ಸಂಜೆ ಆರಕ್ಕೆ ಅಪ್ಪ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಕೂರುತ್ತಾರೆ. ಅವಳು ಒಳಗಿನ ಕೋಣೆಯಿಂದ ಹೊರಗೆ ಬರುವುದಿಲ್ಲ. ಏಳಾದ ಮೇಲೆ ಅವರೇ ಕುರ್ಚಿಯನ್ನು ವಾಪಸು ಎಳೆದು ಇಡುತ್ತಾರೆ. ಅಕ್ಟೋಬರಿನಲ್ಲಿ ಇದೇ ಪುಸ್ತಕ ಮತ್ತೆ ಅಚ್ಚಾಗಿ ಎಲ್ಲ ಶಾಲೆಗೂ ಹೋಗುತ್ತದೆ ಎಂದು ಅವಳ ಟೀಚರ್ ಹೇಳಿದರು. ಎಲ್ಲ ಶಾಲೆಗೂ!

ಗಂಟೆಯವರ ಮಗಳು


ಜುಲೈ ೯

ಗೌರವಾನ್ವಿತ ಸಹೋದರಿಗೆ,

ನಿಮ್ಮ ಪ್ಯಾಂಟಿನ ಮಾತು ನಾಲ್ಕು ದಿನ ನನ್ನನ್ನು ನೆಟ್ಟಗೆ ಕೂರಲು ಬಿಡಲಿಲ್ಲ. ಐದನೇ ದಿನ ಮೂರೂ ಪುಸ್ತಕಗಳನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡೆ. ಮೂರನೆಯದು ಎರಡನೆಯದರಿಂದ ಎತ್ತಿದೆ. ಎರಡನೆಯದು ಮೊದಲನೆಯದರಿಂದ. ಮೊದಲನೆಯದು ಕೊನೆಯ ಪುಟದ ಬುಡದಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ, ದೋಣಿಗಟ್ಟೆಯ ಊರಿನ ಶಾಲೆಯ ಒಂದು ವಾರ್ಷಿಕ ಸಂಚಿಕೆಯನ್ನು ಹೆಸರಿಸುತ್ತದೆ.

ಬಸ್ಸಿನಲ್ಲಿ ಏಳು ತಾಸು ಪ್ರಯಾಣ ಮಾಡಿ ಹೋದೆ. ಕಪಾಟಿನ ಬೀಗ ತುಕ್ಕು ಹಿಡಿದಿತ್ತು, ಜವಾನರು ಸುತ್ತಿಗೆಯಿಂದ ಒಡೆದುಕೊಟ್ಟರು. ಸಂಚಿಕೆ ಸಿಕ್ಕಿತು. ಅದರಲ್ಲಿರುವುದು ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿಯ ಪ್ರಬಂಧ. ವಿಷಯ: ‘ಕರ್ತವ್ಯದಲ್ಲಿ ಎಚ್ಚರ’. ಅಷ್ಟೇ! ಮೂರು ಪುಸ್ತಕಗಳಿಗೆ, ನನ್ನ ನೀಲಿ ಮುದ್ರೆಗೆ, ನನ್ನ ‘ನೋ’ಗೆ ತಳಪಾಯ ಹನ್ನೆರಡು ವರ್ಷದ ಹುಡುಗಿಯ ಪ್ರಬಂಧ! ಬೆಂಚಿನ ಮೇಲೆ ಕೂತುಬಿಟ್ಟೆ. ಜವಾನರು ನೀರು ತಂದುಕೊಟ್ಟು “ಏನಮ್ಮಾ, ನಿಮ್ಮೋರ್ಯಾರಾದ್ರೂ ಇದಾರಾ ಇದ್ರಲ್ಲಿ?” ಎಂದು ಕೇಳಿದರು.

ಸಮಿತಿಯ ಅಧ್ಯಕ್ಷರಿಗೆ ಎಲ್ಲ ವಿವರ ತಿಳಿಸಿದ್ದೇನೆ. ‘ಮಲಗಿದ್ದ’ ಎಂಬುದನ್ನು ‘ಮಲಗಿದ್ದನೆನ್ನಲಾಗಿದೆ’ ಎಂದು ಬದಲಿಸೋಣ ಎನ್ನುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವಿಚಾರಣಾ ವರದಿಯನ್ನು ಮೀರಬೇಕಾದರೆ ಹರಿದ ಹಗ್ಗವನ್ನು ಕಣ್ಣಾರೆ ಕಂಡವರು ಒಬ್ಬರಾದರೂ ಬೇಕಂತೆ. ಎಲ್ಲಿಂದ ತರುವುದು?

ಆ ವಿದ್ಯಾರ್ಥಿನಿ ಯಾರು ಎಂಬುದು ಇಲ್ಲಿ ಮುಖ್ಯವಲ್ಲ ಎಂದುಕೊಂಡಿದ್ದೇನೆ.

ಪರಿಶೀಲಕಿ


ಜುಲೈ ೧೪

ಅಕ್ಕಾ,

ಹೀಗೆ ಕರೆದರೆ ಬೇಸರ ಇಲ್ಲ ತಾನೆ? ನಿಮ್ಮ ಪತ್ರ ಓದಿ ಕಣ್ಣಲ್ಲಿ ನೀರು ಬಂತು. ಏಳು ತಾಸು ಬಸ್ಸಿನಲ್ಲಿ! ನಮ್ಮಪ್ಪನಿಗಾಗಿ ಇಷ್ಟು ವರ್ಷದಲ್ಲಿ ಯಾರೂ ಏಳು ಹೆಜ್ಜೆ ನಡೆದಿರಲಿಲ್ಲ. ಮೊದಲು ನಿಮ್ಮನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ, ಬಾಯಿಬಿಟ್ಟೂ ಬೈದಿದ್ದೆ. ಎಲ್ಲ ವಾಪಸು ತೆಗೆದುಕೊಂಡಿದ್ದೇನೆ.

ಆ ಹುಡುಗಿಯನ್ನು ಬಿಡಬೇಡಿ ಅಕ್ಕ. ಮುಖ್ಯವಲ್ಲ ಅಂದರೆ ಹೇಗೆ? ನಾನು ನೋಡಿದ್ದೇನೆ ಅವಳನ್ನು. ನನಗಾಗ ಒಂಬತ್ತು, ಅದೇ ಶಾಲೆ. ವಾರ್ಷಿಕೋತ್ಸವದ ದಿನ ಅಪ್ಪ ನನ್ನ ಹಾಡು ಕೇಳಲು ಬಂದಿದ್ದರು. ಆಸ್ಪತ್ರೆಯಿಂದ ಬಂದು ತಿಂಗಳಾಗಿತ್ತು, ಕೈಗೆ ಇನ್ನೂ ಬಟ್ಟೆ ಸುತ್ತಿತ್ತು. ಮೂರನೇ ಸಾಲಿನಲ್ಲಿ ಕೂತಿದ್ದೆವು. ಎರಡು ಜಡೆಯ ಒಬ್ಬಳು ವೇದಿಕೆಗೆ ಬಂದು ಪ್ರಬಂಧ ಓದಿದಳು. ‘ಹಗ್ಗವನ್ನು ಕೈಯಲ್ಲಿ ಹಿಡಿದೇ ಮಲಗಿದ್ದ’ ಅನ್ನುವಾಗ ಅಪ್ಪ ಎದ್ದು ನಿಂತರು. ‘ಇಲ್ಲ’ ಅನ್ನಲು ಬಾಯಿ ತೆರೆದರು. ಬಾಯಿ ತೆರೆದೇ ಇತ್ತು, ಏನೂ ಬರಲಿಲ್ಲ. ಸಭೆಯೆಲ್ಲ ತಿರುಗಿ ನೋಡಿತು. ಹಿಂದಿನಿಂದ ಯಾರೋ “ನೋಡು, ಒಪ್ಕೊಳ್ಳೋಕೆ ಎದ್ದಿದಾನೆ” ಅಂದರು. ಜನ ಚಪ್ಪಾಳೆ ತಟ್ಟಿದರು. ಅವಳಿಗೆ ಒಂದು ಸ್ಟೀಲ್ ಲೋಟ ಬಹುಮಾನ ಕೊಟ್ಟರು. ನಾನು ಹಾಡಲಿಲ್ಲ. ಮರುದಿನದಿಂದ ಶಾಲೆಗೂ ಹೋಗಲಿಲ್ಲ, ಮಿಷನ್ ತುಳಿಯಲು ಕಲಿತೆ.

ಎಲ್ಲಿದ್ದಾಳೋ ಪುಣ್ಯಾತ್ಗಿತ್ತಿ! ಮಕ್ಕಳು ಮರಿ ಮಾಡಿಕೊಂಡು ಹಾಯಾಗಿ ಇರುತ್ತಾಳೆ. ಸಿಕ್ಕರೆ ಅವಳ ಲೋಟಕ್ಕೆ ಬೆಂಕಿ ಇಡುತ್ತೇನೆ.

ಒಂದು ಒಳ್ಳೇ ಸುದ್ದಿ. ನಿಮ್ಮ ಪತ್ರ ತೋರಿಸಿದ ಮೇಲೆ ಮೊಮ್ಮಗಳು ಮತ್ತೆ ಆ ಪುಸ್ತಕ ಕೈಗೆ ತೆಗೆದುಕೊಂಡಿದ್ದಾಳೆ. ಆ ಪುಟದ ಫೋಟೋವನ್ನೇ ಗಂಟೆಗಟ್ಟಲೆ ನೋಡುತ್ತಾಳೆ. ಗಂಟೆ ಕಂಬ, ಪಕ್ಕದಲ್ಲಿ ಒಬ್ಬ ಕೈ ಮೇಲೆತ್ತಿ ಹಗ್ಗದ ತುದಿ ಹಿಡಿದಿದ್ದಾನಲ್ಲ, ಅದು. ಪುಂಡ ಮಕ್ಕಳು ಎಳೆಯದಿರಲಿ ಅಂತ ಹಗ್ಗವನ್ನು ಅಷ್ಟು ಎತ್ತರಕ್ಕೇ ಕತ್ತರಿಸಿದ್ದರು. ಇವಳು ಕೇಳುತ್ತಾಳೆ, “ಅಜ್ಜಿ, ಮಲಗಿದ್ದವ್ರ ಕೈಗೆ ಹಗ್ಗ ಹೆಂಗೆ ಬಂತು?” ಏನೋ ಮಕ್ಕಳ ಮಾತು. ಓದಲು ಶುರುಮಾಡಿದಳಲ್ಲ, ನನಗೆ ಅಷ್ಟೇ ಸಾಕು.

ನಿಮ್ಮ ತಂಗಿ


ಆಗಸ್ಟ್ ೨

ತಂಗಿ ಎಂದು ಬರೆಯಲು ನನಗೆ ಹಕ್ಕಿಲ್ಲ. ಗಂಟೆಯವರ ಮಗಳಿಗೆ,

ಎರಡು ವಾರದಿಂದ ಈ ಪತ್ರ ಬರೆದು ಹರಿಯುತ್ತಿದ್ದೇನೆ. ಇನ್ನು ಹರಿಯುವುದಿಲ್ಲ.

ಆ ಲೋಟ ನನ್ನ ಮೇಜಿನ ಮೇಲಿದೆ.

ಕಪಾಟು ಒಡೆದ ದಿನ ಪ್ರಬಂಧದ ಕೆಳಗೆ ನನ್ನ ಹೆಸರು ನೋಡಿದೆ. ಅದೇ ನಮ್ಮ ಊರು, ಅದೇ ನನ್ನ ಶಾಲೆ ಎಂದು ನಿಮಗೆ ಮೊದಲೇ ಹೇಳಬೇಕಿತ್ತು. ಅದರಿಂದೇನು ಎಂದು ಬಿಟ್ಟಿದ್ದೆ. ಮರುವರ್ಷವೇ ನಮ್ಮ ತಂದೆಗೆ ವರ್ಗವಾಯಿತು. ಪ್ರಬಂಧ ಮರೆತೆ, ಲೋಟ ಏತಕ್ಕೆ ಬಂದದ್ದು ಎಂಬುದನ್ನೂ ಮರೆತೆ. ಗಂಟೆಯವನು ಮಲಗಿದ್ದ ಎಂಬುದೊಂದು ಮಾತ್ರ ತಲೆಯಲ್ಲಿ ಉಳಿಯಿತು. ಆಮೇಲೆ ಅದನ್ನೇ ಪುಸ್ತಕದಲ್ಲಿ ಓದಿದೆ. ಹೌದಲ್ಲ, ನನಗೂ ಗೊತ್ತಿತ್ತಲ್ಲ ಎಂದು ‘ನೋ’ ಹಾಕಿದೆ. ನಾನು ಹೇಳಿದ ಸುಳ್ಳಿಗೆ ಜಗತ್ತು ನನಗೇ ಸಾಕ್ಷಿ ಹೇಳಿತು, ನಾನು ನಂಬಿದೆ! ನೀವು ಆ ಹುಡುಗಿಯನ್ನು ಬೈದದ್ದು ಓದುವಾಗ ಕುಂಬಳಕಾಯಿ ಕಳ್ಳಿಯ ಹಾಗೆ ಹೆಗಲು ಮುಟ್ಟಿಕೊಂಡೆ.

ನಿಮ್ಮ ತಂದೆ ಸಭೆಯಲ್ಲಿ ಎದ್ದು ನಿಂತದ್ದು ನನಗೆ ನೆನಪಿಲ್ಲ. ದೇವರಾಣೆ ನೆನಪಿಲ್ಲ. ಚಪ್ಪಾಳೆ ಮಾತ್ರ ನೆನಪಿದೆ. ನನ್ನ ಮೇಲೆ ನನಗೇ ಹೇಸಿಗೆ ಆಗುತ್ತದೆ.

ಈಗ ನಿಮ್ಮ ಮೊಮ್ಮಗಳ ಪ್ರಶ್ನೆಗೆ ಬರುತ್ತೇನೆ. ಅದು ಮಕ್ಕಳ ಮಾತಲ್ಲ. ಮೂವತ್ತು ವರ್ಷ ಚಿತ್ರಕ್ಕೂ ಬರಹಕ್ಕೂ ತಾಳೆ ನೋಡಿದ ನಾನು ಅದನ್ನು ಕೇಳಲಿಲ್ಲ. ಅವಳು ಕೇಳಿದಳು. ಅವಳ ಮಾತು ಓದಿದ್ದೇ ತಡ, ಎದ್ದು ಕೋಣೆಯ ತುಂಬ ಓಡಾಡಿದೆ. ತುದಿ ಅಷ್ಟು ಎತ್ತರದಲ್ಲಿರುವ ಹಗ್ಗ ಮಲಗಿದವರ ಕೈಗೆ ಬರಬೇಕಾದರೆ ಅದು ಹರಿದು ಕೆಳಗೆ ಬಿದ್ದಿರಲೇಬೇಕು!

ಕಣ್ಣು ಮುಚ್ಚಿ ಕೂತೆ. ಆ ಬೆಳಿಗ್ಗೆ ಶಾಲೆಗೆ ಬೇಗ ಹೊರಟಿದ್ದೆ. ಜನ ನದಿಯ ಕಡೆ ಓಡುತ್ತಿದ್ದರು. ನನಗೆ ಆ ಕಡೆ ಹೋಗಲು ಹೆದರಿಕೆ, ಕಂಬದ ಹತ್ತಿರ ನಿಂತೆ. ನಿಮ್ಮ ತಂದೆ ಕಂಬಕ್ಕೆ ಒರಗಿ ಕೂತಿದ್ದರು. ಕಣ್ಣು ಮುಚ್ಚಿತ್ತು, ಬಾಯಿ ತೆರೆದಿತ್ತು. ನಮ್ಮ ಮನೆಯಲ್ಲಿ ಅಪ್ಪ ಕುರ್ಚಿಯಲ್ಲಿ ಹಾಗೆಯೇ ನಿದ್ದೆ ಮಾಡುತ್ತಿದ್ದರು. ಮಡಿಲಲ್ಲಿ ಹಗ್ಗ ಸುತ್ತಿಕೊಂಡು ಬಿದ್ದಿತ್ತು, ಎರಡು ಕೈಯಲ್ಲೂ ಅದನ್ನು ಹಿಡಿದಿದ್ದರು. ಅದರ ಒಂದು ತುದಿ ಪೊರಕೆಯ ಹಾಗೆ ಬಿಚ್ಚಿಕೊಂಡಿತ್ತು. ಎಬ್ಬಿಸಬಾರದು ಎಂದು ತುದಿಗಾಲಲ್ಲಿ ಹಿಂದೆ ಸರಿದೆ.

ಮೇಷ್ಟರು ನೀತಿಯಿಲ್ಲದ ಪ್ರಬಂಧಕ್ಕೆ ಬಹುಮಾನ ಇಲ್ಲ ಎಂದಿದ್ದರು. ಅವರ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳಬಹುದು. ಊಹೂಂ, ಹಾಕುವುದಿಲ್ಲ. ಬರೆದ ಕೈ ನನ್ನದು.

ನಿನ್ನೆ ಆ ವಾಕ್ಯದ ಪಕ್ಕದಲ್ಲಿ ಮತ್ತೆ ಗುರುತು ಹಾಕಿದೆ. ‘ಹಗ್ಗವನ್ನು ಕೈಯಲ್ಲಿ ಹಿಡಿದೇ’: ನೋ. ‘ಮಲಗಿದ್ದ’: ಊ.

ಹರಿದ ಹಗ್ಗವನ್ನು ಕಣ್ಣಾರೆ ಕಂಡವರು ಒಬ್ಬರು ಬೇಕು ಎಂದಿದ್ದರು. ಒಬ್ಬಳು ಇದ್ದಾಳೆ. ಸಮಿತಿಗೆ ನನ್ನ ಹೆಸರು ಹಾಕಿಯೇ ಹೇಳಿಕೆ ಬರೆದುಕೊಟ್ಟಿದ್ದೇನೆ. ಲೋಟದಿಂದ ಪೆನ್ಸಿಲ್‌ಗಳನ್ನು ಹೊರಗೆ ಸುರಿದೆ.

ಏಳನೇ ತರಗತಿಯ ಆ ಹುಡುಗಿ


ಆಗಸ್ಟ್ ೨೮

ಗಂಟೆಯವರ ಮಗಳಿಗೆ,

ನಿಮ್ಮಿಂದ ಉತ್ತರ ಬಂದಿಲ್ಲ. ಬರಬೇಕೆಂದು ಕೇಳುವ ಮುಖವೂ ನನಗಿಲ್ಲ. ಸುದ್ದಿ ತಿಳಿಸಲೆಂದು ಮಾತ್ರ ಈ ನಾಲ್ಕು ಸಾಲು.

ಸಮಿತಿ ನನ್ನ ಹೇಳಿಕೆಯನ್ನು ಒಪ್ಪಿದೆ. ಪರಿಶೀಲಕಿಯ ಕೆಲಸವನ್ನು ನಾನು ಬಿಟ್ಟಿದ್ದೇನೆ, ಅದನ್ನೂ ಒಪ್ಪಿದರು. ಅಕ್ಟೋಬರಿನ ಮುದ್ರಣದಲ್ಲಿ ನಲವತ್ತೊಂದನೇ ಪುಟದ ಆ ಮಾತನ್ನು ಪೂರ್ತಿ ತೆಗೆದುಹಾಕುತ್ತಾರೆ. ಗಂಟೆಯ ಸುದ್ದಿಯೇ ಅಲ್ಲಿರುವುದಿಲ್ಲ. ಕರಡು ಅಚ್ಚಿಗೆ ಹೋಗಲು ಇನ್ನು ಮೂರು ವಾರವಿದೆ.

ನಿಮ್ಮ ತಂದೆಯವರಿಗೆ ನನ್ನ ಬಗ್ಗೆ ಹೇಳಿದ್ದೀರೋ ಇಲ್ಲವೋ, ಅದು ನಿಮ್ಮ ಇಷ್ಟ.


ಸೆಪ್ಟೆಂಬರ್ ೭

ಮೇಡಂ ಅವರಿಗೆ,

ಅಕ್ಕ ಅಂತ ಬರೆಯಲು ಕೈ ಬರಲಿಲ್ಲ. ತಪ್ಪು ತಿಳಿಯಬೇಡಿ, ತಿಳಿದರೂ ಪರವಾಗಿಲ್ಲ.

ನಿಮ್ಮ ಆಗಸ್ಟಿನ ಮೊದಲ ಪತ್ರ ಓದಿ ಎರಡು ದಿನ ಅಂಗಡಿ ತೆರೆಯಲಿಲ್ಲ. ನನ್ನ ಕೈಯಿಂದಲೇ ‘ಅಕ್ಕ’ ಅನ್ನಿಸಿಕೊಂಡಿರಲ್ಲ! ಪತ್ರವನ್ನು ಬಟ್ಟೆ ಚೂರುಗಳ ಚೀಲದ ತಳಕ್ಕೆ ತುರುಕಿದೆ. ಅಪ್ಪನಿಗೆ ಹೇಳಬಾರದು, ಈ ವಯಸ್ಸಿನಲ್ಲಿ ಇನ್ನೊಂದು ಏಟು ಬೇಡ ಅಂತ ತೀರ್ಮಾನ ಮಾಡಿದೆ. ಮೊಮ್ಮಗಳು ಗೊಂಬೆಗೆ ಚೂರು ಹುಡುಕುವಾಗ ಪತ್ರ ಸಿಕ್ಕಿದೆ. ಅವಳು ಸೀದಾ ಹೋಗಿ ಮುತ್ತಾತನ ಮುಂದೆ ಕೂತು ಮೊದಲಿಂದ ಕೊನೆಯವರೆಗೆ ಓದಿದ್ದಾಳೆ. ನಾನು ಗಿರಾಕಿಯನ್ನು ಕಳಿಸಿ ಒಳಗೆ ಬರುವಷ್ಟರಲ್ಲಿ ಮುಗಿದಿತ್ತು. ಅಯ್ಯೋ, ಮುಗೀತು ಕಥೆ ಅಂದುಕೊಂಡೆ.

ಅಪ್ಪ ಟ್ರಂಕು ತರಿಸಿದರು. ತಳದಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಅದೇ ಶಾಲಾ ಸಂಚಿಕೆ! ನಾನು ಹೌಹಾರಿದೆ. ನಿಮ್ಮ ಪ್ರಬಂಧದ ಪುಟ ಮುಟ್ಟಿ ಮುಟ್ಟಿ ಬಟ್ಟೆಯ ಹಾಗೆ ಮೆತ್ತಗಾಗಿದೆ.

“ಏನಪ್ಪಾ ಇದು, ಈ ವಿಷಾನ ಯಾಕೆ ಇಟ್ಕೊಂಡಿದೀರಿ?” ಅಂದೆ.

ಅವರು ಪಿಸುದನಿಯಲ್ಲಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ಹಗ್ಗ ನನ್ನ ಕೈಲಿತ್ತು ಅಂತ ಬರೆದಿರೋದು ಇದೊಂದೇ ಕಣೆ. ವಿಚಾರಣೆಯವರು ಬರೀಲಿಲ್ಲ, ಪೇಪರಿನವರು ಬರೀಲಿಲ್ಲ. ಆ ಮಗು ಒಂದೇ ನೋಡಿದ್ದು.”

ಆಮೇಲೆ ಗೊತ್ತಾಯಿತು. ಕೆಲಸದಿಂದ ತೆಗೆದ ಮೇಲೆ ಅಪ್ಪ ಆ ಸಂಚಿಕೆ ಹಿಡಿದು ಕಚೇರಿಗೆ ಮೂರು ಸಲ ಹೋಗಿದ್ದರಂತೆ. ಗುಮಾಸ್ತರು ವಾಕ್ಯವನ್ನು ಜೋರಾಗಿ ಓದಿ, “ಮಲಗಿದ್ದೆ ಅನ್ನೋದಕ್ಕೆ ನೀನೇ ಸಾಕ್ಷಿ ತಂದಿದೀಯಲ್ಲಯ್ಯ!” ಅಂತ ಬಿದ್ದು ಬಿದ್ದು ನಕ್ಕರಂತೆ. ಇವರಿಗೆ ಬಿಡಿಸಿ ಹೇಳಲು ಧ್ವನಿ ಇರಲಿಲ್ಲ. ಐವತ್ತೆರಡು ವರ್ಷ ಆ ವಾಕ್ಯವನ್ನು ಯಾರಾದರೂ ಸರಿಯಾಗಿ ಓದಲಿ ಅಂತ ಕಾದಿದ್ದಾರೆ. ಆ ಗುರುವಾರ ಮೂರು ಸಲ ಓದಿಸಿದ್ದು ನೊಂದುಕೊಂಡು ಅಲ್ಲ. ಹಗ್ಗ ಅನ್ನುವ ಮಾತು ಅಚ್ಚಿನಲ್ಲಿ ಇನ್ನೂ ಉಳಿದಿದೆಯಾ ಅಂತ ಕೇಳಿಸಿಕೊಳ್ಳುತ್ತಿದ್ದರು! ನಾನು ಮಗಳು, ನನಗೆ ಅದು ಗೊತ್ತಾಗಲಿಲ್ಲ.

ನಿಮ್ಮ ಆಗಸ್ಟಿನ ಎರಡನೇ ಪತ್ರ ಬಂದಾಗ ಅವರಿಗೆ ಗಾಬರಿಯಾಯಿತು. ಪೂರ್ತಿ ತೆಗೆಯುತ್ತಾರೆ ಅಂದದ್ದಕ್ಕೆ ನನ್ನ ಕೈ ಹಿಡಿದು ಅಲ್ಲಾಡಿಸಿದರು. “ಬೇಡ ಅನ್ನು. ಹಗ್ಗ ತೆಗೀಬೇಡಿ ಅನ್ನು. ಊಹೆ ಮಾಡಿದ್ದನ್ನ ತೆಗೀಲಿ, ನೋಡಿದ್ದು ಇರಲಿ.” ಅದಕ್ಕೇ ಈ ಪತ್ರ. ಬೇಗ ಸಮಿತಿಯವರಿಗೆ ತಿಳಿಸಿ. ವಾಕ್ಯ ಹೇಗಿರಬೇಕು ಅಂತ ಮೊಮ್ಮಗಳು ಬರೆದುಕೊಟ್ಟಿದ್ದಾಳೆ: ‘ಗಂಟೆಯವರು ಹರಿದ ಹಗ್ಗವನ್ನು ಕೈಯಲ್ಲಿ ಹಿಡಿದೇ ಕೂತಿದ್ದರು.’ ಕೆಳಗೆ ಆಧಾರ ಅಂತ ನಿಮ್ಮ ಹೆಸರು ಹಾಕಬೇಕಂತೆ.

ನಾನು ನಿಮ್ಮನ್ನು ಕ್ಷಮಿಸಿಲ್ಲ. ನನ್ನ ಹಾಡು, ನನ್ನ ಶಾಲೆ ಹೋಯಿತು. ಅದನ್ನು ಯಾವ ಮುದ್ರಣವೂ ತಿದ್ದುವುದಿಲ್ಲ. ಅಪ್ಪನ ಲೆಕ್ಕ ಬೇರೆ, ನನ್ನದು ಬೇರೆ.

ಆದರೂ ಅವರು ಹೇಳಿದ್ದನ್ನು ತಲುಪಿಸುವುದು ನನ್ನ ಕೆಲಸ. ಹೊಸ ಪುಸ್ತಕ ಬಂದಾಗ ಆ ಪುಟವನ್ನು ಮೊಮ್ಮಗಳು ಓದುವುದು ಬೇಡವಂತೆ. ನೀವೇ ಬಂದು ಓದಬೇಕಂತೆ. ಯಾಕಪ್ಪಾ ಅಂದೆ.

“ಆ ಮಗೂದು ಒಳ್ಳೇ ಗಂಟಲು. ಕೊನೇ ಸಾಲಿನವರ್ಗೂ ಕೇಳಿಸ್ತಿತ್ತು” ಅಂದರು.

ಬನ್ನಿ. ಸಂಜೆ ಆರಕ್ಕೆ ಅವರು ಕಿಟಕಿಯ ಹತ್ತಿರ ಕೂತಿರುತ್ತಾರೆ.

ಗಂಟೆಯವರ ಮಗಳು